ಕಾಡೊಂದೇ ಮದ್ದಲ್ಲ

ಮುಂಡಗೋಡ ತಾಲ್ಲೂಕಿನ ಸನವಳ್ಳಿಯಿಂದ ಹಳಿಯಾಳ, ದಾಂಡೇಲಿ, ಜೊಯಿಡಾ ಕಡೆಗೆ ಸಾಗಿದಂತೆ ತೇಗ, ಮತ್ತಿ, ನಂದಿ ಮರಗಳ ಕಾಡು ದಟ್ಟವಾಗುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಸೇರುತ್ತದೆ. ಉತ್ತರಕ್ಕೆ ತಿರುಗಿದರೆ ಧಾರವಾಡದ ಡಿಮ್ಹಾನ್ಸ್, 1845ರಷ್ಟು ಹಿಂದೆಯೇ ಹುಟ್ಟಿದ ಮಾನಸಿಕ ಆಸ್ಪತ್ರೆಯ ಇಂದಿನ ರೂಪ. ಕಾಡಿನ ಅರಿವು, ಮನಸ್ಸಿನ ಅರಿವು ಎರಡನ್ನೂ ಒಬ್ಬರಲ್ಲೇ ಬೇಡುವ ಉದ್ಯೋಗವೊಂದಿದೆ: ವೈಲ್ಡರ್‌ನೆಸ್ ಥೆರಪಿ. ಖಿನ್ನತೆ, ಆತಂಕ, ವ್ಯಸನಗಳಿಂದ ಬಳಲುವ ಹದಿಹರೆಯದವರನ್ನೂ ಯುವಕ ಯುವತಿಯರನ್ನೂ ವಾರಗಟ್ಟಲೆ ಕಾಡಿನ ಶಿಬಿರದಲ್ಲಿರಿಸಿ ಚಿಕಿತ್ಸೆ ಕೊಡುವ ಕೆಲಸವಿದು.

ನಮ್ಮಲ್ಲಿ ಇದರ ಅಗತ್ಯ ಸಣ್ಣದಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿವೆ.

ಕಾಡು ಮನಸ್ಸಿಗೆ ಏನು ಮಾಡುತ್ತದೆ? 2015ರಲ್ಲಿ ಗ್ರೆಗರಿ ಬ್ರಾಟ್‌ಮನ್ ತಂಡ ಕೆಲವರನ್ನು ಮರಗಿಡಗಳ ನಡುವೆ, ಕೆಲವರನ್ನು ವಾಹನ ಸಂಚಾರದ ರಸ್ತೆಯಲ್ಲಿ 90 ನಿಮಿಷ ನಡೆಸಿ ಮಿದುಳಿನ ಸ್ಕ್ಯಾನ್ ಮಾಡಿತು. ಹಸಿರಿನಲ್ಲಿ ನಡೆದವರಲ್ಲಿ ಒಂದೇ ಕೊರಗನ್ನು ಮತ್ತೆ ಮತ್ತೆ ಮೆಲುಕು ಹಾಕುವ ಚಾಳಿ ತಗ್ಗಿತ್ತು. ಅದಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಇಳಿದಿತ್ತು. ಆದರೆ ನಡಿಗೆಯ ನೆಮ್ಮದಿಯೇ ಚಿಕಿತ್ಸೆಯಲ್ಲ. ಹದಿಹರೆಯದಲ್ಲಿ ಭಾವನೆಗಳ ಬಿರುಸು ಮೊದಲು ಬರುತ್ತದೆ, ಅದಕ್ಕೆ ಲಗಾಮು ಹಾಕುವ ಮುಂಭಾಗದ ಮಿದುಳು ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಸಮಯ ಬೇಕು. ಈ ವಯಸ್ಸಿಗೆ ಬೈಗುಳ ನಾಟುವುದು ಕಡಿಮೆ. ಶಿಬಿರದಲ್ಲಾದರೆ ತಾಡಪತ್ರಿಯನ್ನು ಸರಿಯಾಗಿ ಕಟ್ಟದಿದ್ದರೆ ರಾತ್ರಿ ನೆನೆಯಬೇಕಾಗುತ್ತದೆ. ಕಟ್ಟಿದರೆ ಬೆಚ್ಚಗೆ ನಿದ್ದೆ. ಇಲ್ಲಿ ಕಲಿಸುವುದು ಕೆಲಸದ ಫಲವೇ. ಅದರಿಂದ ಹುಟ್ಟುವ ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಬದಲಾವಣೆಯ ಕೀಲಿಯೆಂದು ಗುರುತಿಸಿದ್ದರು. ಇಂಥ ಸಾಹಸ ಚಿಕಿತ್ಸೆಯ 197 ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯಲ್ಲಿ ಕಂಡದ್ದು ಮಧ್ಯಮ ಮಟ್ಟದ ಪ್ರಯೋಜನ. ಪವಾಡವೇನಲ್ಲ, ತಳ್ಳಿಹಾಕುವಂಥದ್ದೂ ಅಲ್ಲ.

ಶಿಬಿರದ ಮಾರ್ಗದರ್ಶಿಯ ದಿನಚರಿ ನೋಡಿದರೆ ಈ ಕಸುಬಿನ ಭಾರ ತಿಳಿಯುತ್ತದೆ. ಯಾರು ಊಟ ಬಿಟ್ಟರು, ಯಾರಿಗೆ ನಿದ್ದೆ ಹತ್ತಲಿಲ್ಲ, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೇ ಎಂದು ಬರೆದಿಡಬೇಕು. ತರಕಾರಿ ಹೆಚ್ಚಿದ ಮೇಲೆ ಚಾಕುಗಳನ್ನು ಎಣಿಸಿ ಒಳಗಿಡಬೇಕು, ಏಕೆಂದರೆ ಗುಂಪಿನಲ್ಲಿ ತನ್ನನ್ನೇ ಗಾಯಗೊಳಿಸಿಕೊಳ್ಳುವ ಮಗುವಿರಬಹುದು. ಕಾಡಿನ ಎಚ್ಚರವೂ ಅಷ್ಟೇ ಮುಖ್ಯ. ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ, ಯಾವ ದಾರಿಯಲ್ಲಿ ಎಂಬುದು ಮೊದಲೇ ಗೊತ್ತಿರಬೇಕು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದದ್ದು. ಉತ್ತರ ಕನ್ನಡಕ್ಕೂ ಅದು ಹೊಸದಲ್ಲ. ಬೇಸಿಗೆಯ ಶಿಬಿರದಲ್ಲಿ ಸಂಜೆ ಮೈ ಪರೀಕ್ಷೆ ತಪ್ಪಿಸುವಂತಿಲ್ಲ.

ಅಮೆರಿಕದಲ್ಲಿ ಈ ಕ್ಷೇತ್ರ ಹಣದ ಉದ್ಯಮವಾಗಿ ಬೆಳೆದು ಮಕ್ಕಳ ಜೀವವನ್ನೂ ತೆಗೆದುಕೊಂಡಿದೆ. 2024ರ ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಶಿಬಿರವೊಂದರಲ್ಲಿ 12 ವರ್ಷದ ಬಾಲಕ ತಲುಪಿದ ಮರುದಿನ ಬೆಳಿಗ್ಗೆಯೇ ಶವವಾಗಿದ್ದ. ಶಿಬಿರದ ಪರವಾನಗಿ ರದ್ದಾಯಿತು. ನಡುರಾತ್ರಿ ಅಪರಿಚಿತರು ಬಂದು ಹಾಸಿಗೆಯಿಂದ ಎಬ್ಬಿಸಿ ಕರೆದೊಯ್ದರೆಂದು ಅಮೆರಿಕದ ಇಂಥ ಶಿಬಿರಗಳಲ್ಲಿದ್ದ ಅನೇಕರು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಒಪ್ಪಿಗೆಯಿಲ್ಲದೆ ಎಳೆದು ತಂದ ಮಗುವಿಗೆ ಕಾಡು ಮದ್ದಾಗದು, ಸೆರೆಯಾಗುತ್ತದೆ. ಇದನ್ನು ಮರೆತವರು ಈ ಕೆಲಸಕ್ಕೆ ಬರಲೇಬಾರದು.

ನಮ್ಮ ಭಾಗದಲ್ಲಿ ಈ ವೃತ್ತಿಯ ಒಂದು ಕಾಲು ಆಗಲೇ ನೆಲದಲ್ಲಿ ಊರಿದೆ. ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಸುವ ಸ್ಥಳೀಯ ಹುಡುಗರಿಗೆ ನೀರಿನ ಸೆಳೆತವೂ ಗೊತ್ತು, ಹೆದರಿದವರನ್ನು ಮಾತನಾಡಿಸುವ ರೀತಿಯೂ ಗೊತ್ತು. ಸಾಹಸ ತರಬೇತಿಗೆ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಇನ್ನೊಂದು ಕಾಲಿಗೆ ಓದು ಬೇಕು: ಮನೋವಿಜ್ಞಾನ ಅಥವಾ ಸಮಾಜಕಾರ್ಯದಲ್ಲಿ ಪದವಿ, ಸ್ನಾತಕೋತ್ತರ, ಬಳಿಕ ನಿಮ್ಹಾನ್ಸ್ ಅಥವಾ ಡಿಮ್ಹಾನ್ಸ್‌ನಂಥ ಕಡೆ ರೋಗಿಗಳ ನಡುವೆ ತರಬೇತಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಇಂಥ ತರಬೇತಿ ಪಡೆದವರಿಲ್ಲದೆ ನಡೆಸುವ ಶಿಬಿರವನ್ನು ಚಾರಣವೆನ್ನಿ, ಚಿಕಿತ್ಸೆ ಎನ್ನಬೇಡಿ. ಮಗು ಮನೆಗೆ ಮರಳಿದ ಮೇಲೂ ತಿಂಗಳುಗಟ್ಟಲೆ ಅಪ್ಪ ಅಮ್ಮನೊಂದಿಗೆ ಕೂತು ಮಾತನಾಡುವುದು ಈ ವೃತ್ತಿಯ ಅರ್ಧ ಕೆಲಸ, ಮತ್ತು ಅದು ನಡೆಯುವುದು ಕಾಡಿನಲ್ಲಲ್ಲ, ಅವರ ಮನೆಯ ಪಡಸಾಲೆಯಲ್ಲಿ.