ಮನಸ್ಸು ತಿರುಗಿದರೆ ತಪ್ಪು ಮಾಫಿಯೆ?

ಫರ್ಗ್ಯುಸನ್ ಕಾಲೇಜಿನ ಮುಂದೆ ದಿನಾ ಓಡಾಡುತ್ತೇವೆ. 1931ರ ಜುಲೈ 22ರಂದು ಅಲ್ಲಿ ನಡೆದದ್ದು ಎಷ್ಟು ಜನಕ್ಕೆ ಗೊತ್ತು? ಮುಂಬಯಿ ಪ್ರಾಂತದ ಹಂಗಾಮಿ ಗವರ್ನರ್ ಹಾಟ್ಸನ್ ಅಂದು ಕಾಲೇಜಿಗೆ ಬಂದಿದ್ದ. ವಾಸುದೇವ ಬಳವಂತ ಗೋಗಟೆ ಎಂಬ ವಿದ್ಯಾರ್ಥಿ ತೀರ ಹತ್ತಿರದಿಂದ ಎರಡು ಗುಂಡು ಹಾರಿಸಿದ. ನಮ್ಮ ಗಡಿಯ ಸೊಲ್ಲಾಪುರದಲ್ಲಿ ಸರಕಾರ ಹೇರಿದ್ದ ಲಷ್ಕರಿ ಕಾನೂನು, ಆಮೇಲೆ ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರನ್ನು ಗಲ್ಲಿಗೇರಿಸಿದ್ದು, ಇವುಗಳ ಸಿಟ್ಟು ಅದು. ಹಾಟ್ಸನ್ ಬದುಕಿಕೊಂಡ. ಮದ್ದು ಕೆಟ್ಟಿತ್ತೊ, ಕಿಸೆಯ ಚರ್ಮದ ಪಾಕೀಟು, ನೋಟುಗಳು ಅಡ್ಡ ಬಂದವೊ!

ಸಾವು ತರಲಾರದ ಗುಂಡು ಕೊಲೆಯತ್ನ ಹೇಗಾದೀತು ಅನ್ನುವ ಪ್ರಶ್ನೆ ಮುಂಬಯಿ ಹೈಕೋರ್ಟಿನ ಮುಂದೆ ಬಂತು. 1932ರಲ್ಲಿ ಮುಖ್ಯ ನ್ಯಾಯಮೂರ್ತಿ ಬೋಮಾಂಟ್ ಒಪ್ಪಲಿಲ್ಲ: ನಡುವೆ ಏನೋ ಅಡ್ಡ ಬಂದದ್ದರಿಂದ ಮಾತ್ರ ಸಾವು ತಪ್ಪಿದ್ದರೆ ಅದೂ ಕೊಲೆಯತ್ನವೇ.

ಸರಿ, ಅಡ್ಡ ಬಂದದ್ದು ಪಾಕೀಟಲ್ಲ, ಅವನ ಮನಸ್ಸೇ ಅಂತ ಇಟ್ಟುಕೊಳ್ಳಿ. ಕಿಸೆಯಲ್ಲಿ ರಿವಾಲ್ವರ್ ಇಟ್ಟುಕೊಂಡು ಬಂದವನು ಗವರ್ನರನ ಮುಖ ನೋಡಿ ವಾಪಸು ಹೋಗಿದ್ದರೆ? ಅದು ಬರೀ ಸಿದ್ಧತೆ; ಕೊಲೆಯತ್ನವಲ್ಲ. ಪರವಾನಗಿ ಇಲ್ಲದ ಆಯುಧದ ಮಾತು ಬೇರೆ. ಆದರೆ ಒಂದು ಗುಂಡು ಹಾರಿಸಿ, ಗುರಿ ತಪ್ಪಿ, ಎರಡನೆಯದನ್ನು ಬೇಡವೆಂದು ಬಿಟ್ಟಿದ್ದರೆ? ಯತ್ನ ಆಗಿಯೇ ಹೋಯಿತು.

ಹಾಗಾದರೆ ಗೆರೆ ಎಲ್ಲಿ? ವಕೀಲರು ಗುದ್ದಾಡುವುದು ಇದಕ್ಕೇ. ಪಂಜಾಬಿನಿಂದ ಲೈಸೆನ್ಸಿಲ್ಲದೆ 75 ಚೀಲ ಭತ್ತ ಹೊತ್ತು ದೆಹಲಿಗೆ ಹೊರಟ ಲಾರಿ 1961ರಲ್ಲಿ ಸಮಾಲ್ಖಾದಲ್ಲಿ ಸಿಕ್ಕಿಬಿತ್ತು. ಗಡಿ ಇನ್ನೂ 14 ಮೈಲು ದೂರ. ಡ್ರೈವರ್ ಮನಸ್ಸು ಬದಲಿಸಿ ತಿರುಗಿ ಹೋಗಬಹುದಿತ್ತಲ್ಲ, ಆದ್ದರಿಂದ ಯತ್ನವಲ್ಲ ಎಂದು 1968ರಲ್ಲಿ ಸುಪ್ರೀಂ ಕೋರ್ಟು ಬಿಟ್ಟಿತು. ಇನ್ನೊಂದರಲ್ಲಿ, ವಸಈ ಹತ್ತಿರದ ಖಾಡಿಯ ದಂಡೆಗೆ ಬೆಳ್ಳಿ ಗಟ್ಟಿ ತಂದವರಿಗೆ 1980ರಲ್ಲಿ ಅದೇ ಕೋರ್ಟು ಈ ರಿಯಾಯತಿ ಕೊಡಲಿಲ್ಲ. ಅಲ್ಲಿ ಯಂತ್ರದೋಣಿಯ ಸದ್ದೇ ಕೇಳಿಸಿತ್ತು.

ಗಮನಿಸಿ, ಭತ್ತದ ಡ್ರೈವರ್ ನಿಜವಾಗಿ ಮನಸ್ಸು ಬದಲಿಸಿರಲಿಲ್ಲ. ಬದಲಿಸಲು ಜಾಗ ಉಳಿದಿತ್ತು, ಅಷ್ಟೆ. ಗೆರೆ ದಾಟಿದ ಮೇಲೆ ನಿಜವಾಗಿಯೇ ಪಶ್ಚಾತ್ತಾಪ ಪಟ್ಟವನಿಗೆ ನಮ್ಮಲ್ಲಿ ಬಿಡುಗಡೆ ಇಲ್ಲ. ಹಳೆಯ ದಂಡಸಂಹಿತೆಯ 511ನೆಯ ಕಲಮಿನಲ್ಲೂ ಇರಲಿಲ್ಲ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ನ್ಯಾಯಸಂಹಿತೆಯ 62ರಲ್ಲೂ ಇಲ್ಲ. ಶಿಕ್ಷೆ ಕೊಡುವಾಗ ನ್ಯಾಯಾಧೀಶರು ಕನಿಕರಿಸಿದರೆ ಉಂಟು. ಜರ್ಮನಿಯ ಕಾನೂನು ಹಾಗಲ್ಲ. ಒಡವೆಯ ಪೆಟ್ಟಿಗೆ ಒಡೆದವನು ಯಾರೂ ತಡೆಯದೆ, ತಾನಾಗಿಯೇ, ಒಡವೆ ಮುಟ್ಟದೆ ಹೊರಟರೆ ಕಳ್ಳತನದ ಯತ್ನಕ್ಕೆ ಶಿಕ್ಷೆಯಿಲ್ಲ. ಪೆಟ್ಟಿಗೆ ಕೆಡಿಸಿದ್ದಕ್ಕೆ ಮಾತ್ರ ಜವಾಬು ಕೊಡಬೇಕು. ನನಗಂತೂ ಇದೇ ಸರಿ ಅನ್ನಿಸುತ್ತದೆ. ನಮ್ಮಲ್ಲಿ ಅವನು ಒಡವೆ ಅಲ್ಲಿಯೇ ಬಿಟ್ಟರೂ ಯತ್ನದ ಆರೋಪ ತಪ್ಪುವುದಿಲ್ಲ, ಪೆಟ್ಟಿಗೆ ಖಾಲಿಯಿದ್ದರೂ ತಪ್ಪುವುದಿಲ್ಲ.