ಡೊಮೇನ್ ಹೆಸರು: ಕ್ರಯವೋ, ಗುತ್ತಿಗೆಯೋ?

ವಿದ್ಯಾರ್ಥಿಗಳು ಕೂಡಿ ತಮ್ಮ ಸಂಘಕ್ಕಾಗಿ ಅಂತರಜಾಲ ತಾಣವೊಂದನ್ನು ತೆರೆಯುವುದು ಈಗ ಸಾಮಾನ್ಯ ಸಂಗತಿ. ತಾಣಕ್ಕೊಂದು ಹೆಸರನ್ನು ಆರಿಸಿ, ಕೆಲವು ನೂರು ರೂಪಾಯಿಗಳನ್ನು ತೆತ್ತು, 'ಹೆಸರನ್ನು ಕೊಂಡೆವು' ಎಂದು ಅವರು ಸಂತೋಷಪಡುತ್ತಾರೆ. ನಿಜವಾಗಿ ಅವರು ಕೊಂಡದ್ದೇನು? ಕೊಟ್ಟವರಾರು? ಇದನ್ನರಿಯದಿದ್ದರೆ, ವರ್ಷಗಳ ಶ್ರಮದಿಂದ ಬೆಳೆಸಿದ ಹೆಸರು ಒಂದು ದಿನ ಕೈತಪ್ಪಿ ಹೋಗಬಹುದು.

ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ. ಹೆಸರು ಬೇಕಾದುದು ಮನುಷ್ಯರಾದ ನಮಗೆ. ಆದುದರಿಂದ ಹೆಸರಿಗೆ ತಕ್ಕ ಅಂಕೆಯನ್ನು ಹುಡುಕಿಕೊಡುವ ವ್ಯವಸ್ಥೆಯೊಂದು ಇರಬೇಕಾಗುತ್ತದೆ. ಮೊದಲಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಒಂದೇ ಪಟ್ಟಿ ಇದಕ್ಕೆ ಸಾಕಾಗಿತ್ತು. ಯಂತ್ರಗಳು ಹೆಚ್ಚಿದಂತೆ ಪಟ್ಟಿಯ ನಿರ್ವಹಣೆ ದುಸ್ಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಪಟ್ಟಿಯನ್ನು ಭಾಗಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬರಿಗೆ ವಹಿಸುವ ಕ್ರಮವನ್ನು ರೂಪಿಸಿದರು. ಇಂದಿಗೂ ಅದೇ ಕ್ರಮ ನಡೆದುಬಂದಿದೆ.

ಈ ಕ್ರಮದಲ್ಲಿ ಮೂವರನ್ನು ನಾವು ಬೇರೆಬೇರೆಯಾಗಿ ಗುರುತಿಸಬೇಕು. 'ಡಾಟ್ ಕಾಂ' ಎಂದು ಕೊನೆಗೊಳ್ಳುವ ಹೆಸರುಗಳೆಲ್ಲವೂ ಒಂದೇ ದಫ್ತರದಲ್ಲಿ ದಾಖಲಾಗಿರುತ್ತವೆ. ಆ ದಫ್ತರವನ್ನು ಕಾಯುವ ಸಂಸ್ಥೆ ರಿಜಿಸ್ಟ್ರಿ. ಡಾಟ್ ಕಾಂಗೆ ಅದು ವೆರಿಸೈನ್. ಆದರೆ ಅಲ್ಲಿಗೆ ನಾವು ನೇರವಾಗಿ ಹೋಗುವಂತಿಲ್ಲ. ನಮ್ಮಿಂದ ಹಣ ಪಡೆದು ದಫ್ತರದಲ್ಲಿ ಹೆಸರನ್ನು ಬರೆಯಿಸುವ ಮಧ್ಯವರ್ತಿಯೇ ರಿಜಿಸ್ಟ್ರಾರ್. ಮೂರನೆಯವನು ಹೆಸರನ್ನು ಹೊಂದುವ ನೋಂದಣಿದಾರ. ನಮ್ಮ ದೇಶದ 'ಡಾಟ್ ಇನ್' ಹೆಸರುಗಳ ದಫ್ತರ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ ಅಧೀನದಲ್ಲಿದೆ.

ನೋಂದಣಿದಾರನಿಗೆ ದೊರೆಯುವುದು ಕ್ರಯಪತ್ರವಲ್ಲ, ಗುತ್ತಿಗೆ. ಡಾಟ್ ಕಾಂ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳವರೆಗೆ ಹಿಡಿಯಬಹುದು. 1995ರವರೆಗೆ ನೋಂದಣಿಗೆ ಶುಲ್ಕವೇ ಇರಲಿಲ್ಲ. ಆ ವರ್ಷ, ಏಕಸ್ವಾಮ್ಯವಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಎರಡು ವರ್ಷಗಳಿಗೆ 100 ಡಾಲರ್ ವಿಧಿಸಿತು. 1998ರಲ್ಲಿ ಐಕ್ಯಾನ್ ಎಂಬ ಮೇಲ್ವಿಚಾರಣಾ ಸಂಸ್ಥೆ ಸ್ಥಾಪಿತವಾಯಿತು. ಮರುವರ್ಷ ಅನೇಕ ರಿಜಿಸ್ಟ್ರಾರರಿಗೆ ಬಾಗಿಲು ತೆರೆಯಿತು. ದರ ಇಳಿಯಿತು. ಆದರೆ ಇವರೆಲ್ಲರೂ ಮಾರುವ ಸರಕು ಒಂದೇ, ಅವರು ರಿಜಿಸ್ಟ್ರಿಗೆ ತೆರುವ ಸಗಟು ದರವೂ ಒಂದೇ. 2024ರ ಸೆಪ್ಟೆಂಬರಿನಲ್ಲಿ ಡಾಟ್ ಕಾಂಗೆ ಅದು ವರ್ಷಕ್ಕೆ 10.26 ಡಾಲರ್ ಆಯಿತು. ಹಾಗಿರುವಲ್ಲಿ ಅದಕ್ಕಿಂತಲೂ ಕಡಿಮೆಗೆ ಹೆಸರು ಕೊಡುವವನು ಮೊದಲ ವರ್ಷದ ನಷ್ಟವನ್ನು ಮುಂದಿನ ವರ್ಷಗಳಲ್ಲಿ ತುಂಬಿಕೊಳ್ಳುವನೆಂದು ಊಹಿಸುವುದು ಕಷ್ಟವಲ್ಲ.

ಮಧ್ಯವರ್ತಿ ಕೆಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕದ ರಿಜಿಸ್ಟರ್‌ಫ್ಲೈ ಕಂಪನಿಯೇ ನಿದರ್ಶನ. ನವೀಕರಣಕ್ಕೆ ಹಣ ಕಟ್ಟಿದ್ದರೂ ಹೆಸರುಗಳು ನವೀಕರಣಗೊಳ್ಳಲಿಲ್ಲವೆಂದು ಅದರ ಗ್ರಾಹಕರು ದೂರಿದರು. 2007ರಲ್ಲಿ ಐಕ್ಯಾನ್ ಅದರ ಮನ್ನಣೆಯನ್ನು ರದ್ದುಪಡಿಸಿತು. ಉಳಿದ ಲಕ್ಷಗಟ್ಟಲೆ ಹೆಸರುಗಳು ಗೋಡ್ಯಾಡಿ ಕಂಪನಿಗೆ ವರ್ಗವಾದುವು. ನೋಂದಣಿದಾರರ ವಿವರಗಳ ಪ್ರತಿಯನ್ನು ರಿಜಿಸ್ಟ್ರಾರರು ಮೂರನೆಯವರಲ್ಲಿ ಠೇವಣಿ ಇಡಬೇಕೆಂಬ ನಿಯಮ ಆ ಬಳಿಕವೇ ಬಿಗಿಯಾಗಿ ಜಾರಿಗೆ ಬಂದಿತು.

ಆದುದರಿಂದ ರಿಜಿಸ್ಟ್ರಾರನನ್ನು ಆರಿಸುವಾಗ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಆತನಿಗೆ ಐಕ್ಯಾನಿನ ಮನ್ನಣೆಯುಂಟೇ, ಅಥವಾ ಆತ ಇನ್ನೊಬ್ಬನ ಕೈಕೆಳಗಿನ ಮಾರಾಟಗಾರನೇ? ಎರಡನೆಯ ವರ್ಷದ ದರವೆಷ್ಟು? ಬೇರೆಡೆಗೆ ಹೋಗಬೇಕೆಂದಾಗ ವರ್ಗಾವಣೆಯ ಗುಪ್ತಸಂಕೇತವನ್ನು ತಡವಿಲ್ಲದೆ ಕೊಡುವನೇ? ಎಲ್ಲಕ್ಕಿಂತ ಮುಖ್ಯವಾಗಿ, ಖಾತೆ ಯಾರ ಹೆಸರಿನಲ್ಲಿದೆ? ತಾಣವನ್ನು ಕಟ್ಟಿಕೊಟ್ಟವನು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದರೆ, ಹಣ ನಮ್ಮದಾದರೂ ದಫ್ತರದ ಪ್ರಕಾರ ಹೆಸರು ಅವನದೇ.

ಅವಧಿ ಮುಗಿದ ಹೆಸರು ಕೂಡಲೇ ಇಲ್ಲವಾಗುವುದಿಲ್ಲ. ಡಾಟ್ ಕಾಂನಲ್ಲಿ ರಿಜಿಸ್ಟ್ರಾರ್ 45 ದಿನಗಳವರೆಗೆ ನವೀಕರಣಕ್ಕೆ ಅವಕಾಶ ಕೊಡಬಹುದು. ಅಳಿಸಿದ ಮೇಲೂ 30 ದಿನಗಳೊಳಗೆ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಅನಂತರ 5 ದಿನಗಳು ಕಳೆದರೆ ಅದು ಮೊದಲು ಕೇಳಿದವರ ಪಾಲು. ಆದರೆ ಎಚ್ಚರಿಕೆಯ ಪತ್ರಗಳೆಲ್ಲ ಬರುವುದು ನಾವು ಕೊಟ್ಟ ಇ-ಮೇಲ್ ವಿಳಾಸಕ್ಕೆ. ಕಾಲೇಜು ಬಿಟ್ಟುಹೋದ ಕಾರ್ಯದರ್ಶಿಯ ವಿಳಾಸ ಅಲ್ಲಿದ್ದರೆ ಆ ಪತ್ರಗಳನ್ನು ಓದುವವರಾರು? ನಮ್ಮ ವಾಚಕರಲ್ಲಿ ಯಾರಾದರೂ ಇಂಥ ತಾಣವನ್ನು ನಡೆಸುತ್ತಿದ್ದರೆ, ಖಾತೆಯ ಹೆಸರನ್ನೂ ವಿಳಾಸವನ್ನೂ ಇಂದೇ ಪರೀಕ್ಷಿಸಿಕೊಳ್ಳುವುದು ಒಳಿತು.