ಹಾಲ್ ನೋದಕದಲ್ಲಿ ಪ್ಲಾಸ್ಮದ ಸ್ಪಂದನವೂ ಸ್ಥೈರ್ಯವೂ

ಯಂತ್ರದಲ್ಲಿ ಕಂಪನವು ಕಂಡುಬಂದರೆ ಅದನ್ನು ದೋಷವೆಂದೇ ಎಣಿಸುವುದು ಲೋಕರೂಢಿ. ಆಕಾಶನೌಕೆಗಳನ್ನು ವಿದ್ಯುತ್ತಿನಿಂದ ನೂಕುವ ಹಾಲ್ ನೋದಕವೆಂಬ ಯಂತ್ರದಲ್ಲಿ ಈ ರೂಢಿಯು ಪೂರ್ಣವಾಗಿ ಸಲ್ಲದು. ಅಲ್ಲಿ ಕಾರ್ಯಕ್ಕೆ ಯಾವುದು ಕಾರಣವೋ ಸ್ಪಂದನಕ್ಕೂ ಅದೇ ಕಾರಣವಾಗಿದೆ. ಅದರ ವಿವರಣೆಯೇ ಈ ಲೇಖನದ ವಿಷಯ.

ಮೊದಲು ಪ್ಲಾಸ್ಮವೆಂದರೇನೆಂಬ ವಿಚಾರ. ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು, ಋಣಕಣಗಳಾದ ಅವೂ ಧನಕಣಗಳಾದ ಅಯಾನುಗಳೂ ಸಮತೂಕದಲ್ಲಿ ಬೆರೆತಿರುವ ಸ್ಥಿತಿಗೆ ಆ ಹೆಸರು. ‘ಅಚ್ಚಿನಲ್ಲಿ ರೂಪುಗೊಂಡದ್ದು’ ಎಂಬರ್ಥದ ಗ್ರೀಕ್ ಶಬ್ದವನ್ನು 1928ರಲ್ಲಿ ಈ ಸ್ಥಿತಿಗೆ ಅನ್ವಯಿಸಿದವನು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್. ಮರುವರ್ಷವೇ ಅವನು ಟಾಂಕ್ಸನೊಡನೆ ಸೇರಿ ಪ್ಲಾಸ್ಮದ ಸ್ಪಂದನವನ್ನು ನಿರೂಪಿಸಿದನು. ಎಲೆಕ್ಟ್ರಾನುಗಳು ತುಸು ಸರಿದರೆ ಹಿಂದುಳಿದ ಅಯಾನುಗಳು ಅವನ್ನು ಸೆಳೆಯುತ್ತವೆ. ಹಗುರವಾದ ಎಲೆಕ್ಟ್ರಾನುಗಳು ಮರಳುವ ವೇಗದಲ್ಲಿ ಸ್ವಸ್ಥಾನವನ್ನು ಮೀರಿಹೋಗಿ ಪುನಃ ಸೆಳೆಯಲ್ಪಡುತ್ತವೆ. ಉಯ್ಯಾಲೆಯ ತೂಗಾಟವೂ ಇಂಥದೇ. ಘನಮೀಟರಿಗೆ 10ರ 18ನೆಯ ಘಾತದಷ್ಟು ಎಲೆಕ್ಟ್ರಾನುಗಳಿದ್ದರೆ ಈ ತೂಗಾಟವು ಸೆಕೆಂಡಿಗೆ ಸುಮಾರು 900 ಕೋಟಿ ಬಾರಿ ನಡೆಯುತ್ತದೆ.

ಇನ್ನು ಯಂತ್ರದ ರಚನೆ. ನೋದನವೆಂಬುದು ತಳ್ಳುವಿಕೆಗೆ ವೈಶೇಷಿಕರು ಇಟ್ಟ ಸಂಜ್ಞೆ. ತಳ್ಳುವ ಯಂತ್ರವು ನೋದಕ. ಬಳೆಯಾಕಾರದ ಕಾಲುವೆಯೊಂದರ ತಳದಲ್ಲಿ ಧನಧ್ರುವವೂ ಬಾಯಿಯ ಹೊರಗೆ ಋಣಧ್ರುವವೂ ಇರುತ್ತವೆ. ನಡುವೆ ಸಾಮಾನ್ಯವಾಗಿ 300 ವೋಲ್ಟುಗಳ ಅಂತರ. ಕಾಲುವೆಗೆ ಅಡ್ಡಲಾಗಿ ಕಾಂತಕ್ಷೇತ್ರವುಂಟು. ಹೊರಗಿನಿಂದ ಬರುವ ಎಲೆಕ್ಟ್ರಾನುಗಳು ಅದರಲ್ಲಿ ಸಿಕ್ಕಿ, ಧನಧ್ರುವವನ್ನು ನೇರವಾಗಿ ಸೇರಲಾರದೆ ಕಾಲುವೆಯ ಸುತ್ತ ಪ್ರದಕ್ಷಿಣೆ ಮಾಡುತ್ತ, ತಳದಿಂದ ಹರಿದುಬರುವ ಕ್ಸೆನಾನ್ ಅನಿಲವನ್ನು ಹೊಡೆದು ಅಯಾನುಗಳನ್ನಾಗಿ ಮಾಡುತ್ತವೆ. ಭಾರವಾದ ಅಯಾನುಗಳಾದರೋ ಕಾಂತಕ್ಷೇತ್ರಕ್ಕೆ ಅಷ್ಟಾಗಿ ಬಾಗದೆ, ಸೆಕೆಂಡಿಗೆ 15–20 ಕಿಲೋಮೀಟರ್ ವೇಗದಿಂದ ಹೊರಚಿಮ್ಮುತ್ತವೆ. ನೌಕೆಯು ಎದುರು ದಿಕ್ಕಿಗೆ ನೂಕಲ್ಪಡುತ್ತದೆ. ಸೋವಿಯತ್ ದೇಶದಲ್ಲಿ ಮೊರೊಜೋವನ ನೇತೃತ್ವದಲ್ಲಿ ಬೆಳೆದ ಈ ಯಂತ್ರವು 1971ರ ಡಿಸೆಂಬರಿನಲ್ಲಿ ಮೆಟಿಯೋರ್ ಉಪಗ್ರಹದೊಡನೆ ಮೊದಲು ಆಕಾಶವನ್ನು ಸೇರಿತು.

ಈ ನೋದಕದ ಪ್ರಸಿದ್ಧ ಸ್ಪಂದನವು ಮೇಲೆ ಹೇಳಿದ ತೂಗಾಟವಲ್ಲ. ಅದಕ್ಕಿಂತ ಬಹು ಮಂದವಾದದ್ದು. ಇದಕ್ಕೆ ‘ಉಸಿರಾಟ’ವೆಂದೇ ಹೆಸರು. ಅಯಾನೀಕರಣವು ತೀವ್ರವಾದಾಗ ಕಾಲುವೆಯ ಬಾಯಿಯ ಬಳಿ ಅನಿಲವು ತೀರಿಹೋಗುತ್ತದೆ. ಅನಿಲವಿಲ್ಲದೆ ಪ್ಲಾಸ್ಮವು ಕುಗ್ಗುತ್ತದೆ. ಆಗ ತಳದಿಂದ ಹೊಸ ಅನಿಲವು ಬಂದು ತುಂಬಿಕೊಂಡು ಅಯಾನೀಕರಣವು ಪುನಃ ತೀವ್ರವಾಗುತ್ತದೆ. ಸೆಕೆಂಡಿಗೆ ಸುಮಾರು 250 ಮೀಟರ್ ಚಲಿಸುವ ಅನಿಲಕ್ಕೆ ಎರಡೂವರೆ ಸೆಂಟಿಮೀಟರ್ ದಾಟಲು ಸೆಕೆಂಡಿನ ಹತ್ತುಸಾವಿರದಲ್ಲೊಂದು ಭಾಗ ಸಾಕು. ಆದುದರಿಂದಲೇ ಈ ಉಸಿರಾಟವು ಸೆಕೆಂಡಿಗೆ 10ರಿಂದ 30 ಸಾವಿರದಷ್ಟಿರುತ್ತದೆ. 1997ರಲ್ಲಿ ಫೈಫ್ ಮೊದಲಾದವರು ಇದನ್ನು ಬೇಟೆಯ ಮೃಗಕ್ಕೂ ಬೇಟೆಗಾರ ಮೃಗಕ್ಕೂ ಹೋಲಿಸಿದರು: ಜಿಂಕೆ ಹೆಚ್ಚಿದರೆ ಹುಲಿ ಹೆಚ್ಚುವುದು, ಹುಲಿ ಹೆಚ್ಚಿದರೆ ಜಿಂಕೆ ತಗ್ಗುವುದು. ದೃಷ್ಟಾಂತವು ಬೋಧಪ್ರದವೇ ಸರಿ. ಆದರೆ ಸ್ಪಂದನವು ಅಡಗದೆ ಬೆಳೆಯುವುದೇಕೆಂಬುದು ಇದೊಂದರಿಂದಲೇ ಸಿದ್ಧವಾಗದು.

ಸ್ಥೈರ್ಯದ ಪ್ರಶ್ನೆಯು ಇಲ್ಲಿ ಏಳುತ್ತದೆ. ಕಾಂತಕ್ಷೇತ್ರವನ್ನು ತಕ್ಕ ಮಿತಿಗಿಂತ ತಗ್ಗಿಸಿದರೆ, ಇಡೀ ಕಾಲುವೆಯೇ ಒಟ್ಟಾಗಿ ಉಸಿರಾಡುತ್ತ ವಿದ್ಯುತ್ಪ್ರವಾಹದ ಏರಿಳಿತವು ಅದರ ಸರಾಸರಿಗೆ ಸಮನಾಗುವುದೂ ಉಂಟು; ಆಗ ವ್ಯಯಿಸಿದ ಶಕ್ತಿಗೆ ತಕ್ಕ ನೂಕು ದೊರೆಯದು. ಹಾಗೆಂದು ಎಲ್ಲ ಸ್ಪಂದನಗಳೂ ತ್ಯಾಜ್ಯವಲ್ಲ. ಕಾಂತಕ್ಷೇತ್ರವನ್ನು ದಾಟಿ ಧನಧ್ರುವವನ್ನು ಸೇರುವ ಎಲೆಕ್ಟ್ರಾನುಗಳ ಪ್ರಮಾಣವು ಕೇವಲ ಕಣಗಳ ಡಿಕ್ಕಿಯಿಂದ ಆಗತಕ್ಕುದಕ್ಕಿಂತ ಅಧಿಕ. ಸುತ್ತುದಿಕ್ಕಿನ ತರಂಗಗಳೇ ಇದಕ್ಕೆ ನೆರವಾಗುತ್ತವೆಯೆಂದು 1966ರಲ್ಲಿಯೇ ಜೇನ್ಸ್ ಮತ್ತು ಲೌಡರ್ ಸೂಚಿಸಿದರು. ಇದರ ಪೂರ್ಣಗಣಿತವು ಇಂದಿಗೂ ಸಿದ್ಧವಾಗಿಲ್ಲ. ಆದುದರಿಂದ ನಿರ್ಮಾಪಕರು ನಿರ್ವಾತಕೋಷ್ಠದಲ್ಲಿ ದೀರ್ಘಪರೀಕ್ಷೆಗಳನ್ನು ಅವಲಂಬಿಸಬೇಕಾಗಿದೆ. ಆ ಕೋಷ್ಠದಲ್ಲಿ ಉಳಿಯುವ ಅಲ್ಪ ಅನಿಲವೂ ಯಂತ್ರದ ನಡತೆಯನ್ನು ಬದಲಿಸಬಲ್ಲದು. ಆಕಾಶಕ್ಕೆ ಹೋದ ಯಂತ್ರವನ್ನು ಮರಳಿ ತಂದು ತಿದ್ದುವುದಂತೂ ದುಸ್ಸಾಧ್ಯ.

ಹೀಗಿರುವಲ್ಲಿ ಈ ಶಾಸ್ತ್ರದ ಗುಣವನ್ನು ಕನ್ನಡದಲ್ಲಿ ‘ನಿಶ್ಚಲತೆ’ ಎನ್ನುವುದು ಯುಕ್ತವಲ್ಲ. ಚಲನವೇ ಇಲ್ಲದ ನೋದಕವು ಆರಿಹೋದ ನೋದಕ. ಚಲಿಸುತ್ತಲೂ ಮಿತಿಯನ್ನು ಮೀರದಿರುವುದನ್ನು ಹೇಳಲು ‘ಸ್ಥೈರ್ಯ’ವೇ ತಕ್ಕ ಶಬ್ದ.